ತಾನೂ ಮಲಗದ, ಬೇರೆಯವರನ್ನೂ ಮಲಗಲು ಬಿಡದ ಕಾರ್ಡ್

ಜಯನಗರದ ನಮ್ಮ ಮನೆಯ ಅಟ್ಟದಲ್ಲಿ ಒಂದು ಸಣ್ಣ ಸರ್ವರ್ ಇದೆ. ನಾಲ್ಕು ಹಾರ್ಡ್ ಡಿಸ್ಕ್, ತುಂಬಾ ಫೋಟೋಗಳು. ಏಪ್ರಿಲ್ ಬಂತೆಂದರೆ ಡಿಸ್ಕ್‌ಗಳು ಒಂದೊಂದಾಗಿ ಮಾಯವಾಗುತ್ತಿದ್ದವು. ಕೇಬಲ್ ಬದಲಿಸಿ ನೋಡಿದೆ, ಉಪಯೋಗವಾಗಲಿಲ್ಲ. ಒಂದು ದಿನ ಸುಮ್ನೆ ಕಂಟ್ರೋಲರ್ ಕಾರ್ಡಿನ ಹೀಟ್‌ಸಿಂಕ್ (ಬಿಸಿ ಹೊರಹಾಕುವ ಲೋಹದ ತುಂಡು) ಮುಟ್ಟಿದೆ. ಬೆರಳು ಚುರ್ ಅಂತು!

ಸೆಕೆಂಡ್‌ಹ್ಯಾಂಡ್ ಎಚ್‌ಬಿಎ, ಅಂದರೆ ಹಲವು ಡಿಸ್ಕ್‌ಗಳನ್ನು ಕಂಪ್ಯೂಟರ್‌ಗೆ ಜೋಡಿಸುವ ಕಾರ್ಡ್ ಅದು. ಇಂಥವನ್ನು ಭರ್ರೋ ಎಂದು ಗಾಳಿ ಹೊಡೆಯುವ ರ್‍ಯಾಕ್ ಸರ್ವರ್‌ಗೆಂದು ಮಾಡಿರುತ್ತಾರೆ. ಮನೆಯ ಡಬ್ಬದಲ್ಲಿ ಅಷ್ಟು ಗಾಳಿ ಎಲ್ಲಿಂದ ಬರಬೇಕು? ಒಣಗಿದ್ದ ಥರ್ಮಲ್ ಪೇಸ್ಟ್ ಕೆರೆದು ಹೊಸದು ಹಚ್ಚಿದೆ. 40 ಮಿ.ಮೀ. ಫ್ಯಾನ್ ಒಂದನ್ನು ಕೇಬಲ್ ಟೈ ಹಾಕಿ ಬಿಗಿದೆ. ಡಿಸ್ಕ್ ಮಾಯವಾಗುವುದು ನಿಂತಿತು.

ಆದರೆ ಕರೆಂಟ್ ಖರ್ಚು ಇಳಿಯಲಿಲ್ಲ. ಕರೆಂಟ್ ಬಳಕೆ ತೋರಿಸುವ ಪವರ್‌ಟಾಪ್ ಎಂಬ ಪ್ರೋಗ್ರಾಂನಲ್ಲಿ ನೋಡಿದರೆ ಪ್ರೊಸೆಸರ್ ಸಿ2 ಎಂಬ ಹಗುರ ನಿದ್ದೆಯ ಹಂತ ದಾಟಿ ಕೆಳಗಿಳಿಯುತ್ತಲೇ ಇರಲಿಲ್ಲ (ಸಂಖ್ಯೆ ದೊಡ್ಡದಾದಷ್ಟೂ ನಿದ್ದೆ ಗಾಢ). ಕೆಲಸವಿಲ್ಲದಾಗ ಕಾರ್ಡಿಗೂ ಕಂಪ್ಯೂಟರ್‌ಗೂ ನಡುವಿನ ಪಿಸಿಐಇ ಕೊಂಡಿಯನ್ನು ಮಲಗಿಸುವ ಎಎಸ್‌ಪಿಎಂ ಎಂಬ ವ್ಯವಸ್ಥೆ ಈ ಕಾರ್ಡಿನಲ್ಲಿ ನಡೆಯುತ್ತಿರಲಿಲ್ಲ. ಕೊಂಡಿ ಎಚ್ಚರವಿದ್ದರೆ ಪ್ರೊಸೆಸರ್‌ಗೂ ಗಾಢ ನಿದ್ದೆಯಿಲ್ಲ. ಪಕ್ಕದ ಮನೆಯ ಲೌಡ್‌ಸ್ಪೀಕರ್ ಇದ್ದ ಹಾಗೆ ಅಲ್ವಾ!

ಕೊನೆಗೆ ಎಸ್.ಪಿ. ರಸ್ತೆಗೆ ಹೋಗಿ ಎಎಸ್‌ಎಂ1166 ಚಿಪ್‌ನ, ಆರು ಪೋರ್ಟಿನ ಸಾಟಾ ಕಾರ್ಡ್ ತಂದೆ. ಹಳೆಯ ನಾಲ್ಕು ಬಾಲದ ಕೇಬಲ್ ಇದಕ್ಕೆ ಹೊಂದುವುದಿಲ್ಲ, ಸಾದಾ ಸಾಟಾ ಕೇಬಲ್‌ಗಳೇ ಬೇಕು. ಬಯಾಸ್‌ನಲ್ಲಿ ಎಎಸ್‌ಪಿಎಂ ಆನ್ ಮಾಡಿದೆ. ಹಳೇ ಕಾರ್ಡ್ ಐಟಿ ಮೋಡ್‌ನಲ್ಲಿದ್ದ (ಅಂದರೆ ಡಿಸ್ಕ್‌ಗಳನ್ನು ನೇರವಾಗಿ ಸರ್ವರ್‌ಗೆ ತೋರಿಸುತ್ತಿದ್ದ) ಕಾರಣ ಜೆಡ್‌ಎಫ್‌ಎಸ್ ಪೂಲ್, ಅಂದರೆ ಡಿಸ್ಕ್‌ಗಳನ್ನು ಸೇರಿಸಿ ಮಾಡಿದ ಸಂಗ್ರಹ, ಹಾಗೇ ಸಿಕ್ಕಿತು. ನಿಮ್ಮದು ಡಿಸ್ಕ್‌ಗಳನ್ನು ಕಾರ್ಡೇ ಒಗ್ಗೂಡಿಸುವ ರೇಡ್ ಮೋಡ್ ಆಗಿದ್ದರೆ ಬ್ಯಾಕಪ್ ಇಲ್ಲದೆ ಕೈ ಹಾಕಬೇಡಿ.

ಈಗ ಪ್ರೊಸೆಸರ್ ಸಿ8ವರೆಗೆ ಇಳಿಯುತ್ತದೆ. ಪ್ಲಗ್ ಮೀಟರ್‌ನಲ್ಲಿ 18 ವ್ಯಾಟ್ ಕಡಿಮೆ, ತಿಂಗಳಿಗೆ ಸುಮಾರು 13 ಯೂನಿಟ್. ಆ ಪುಟ್ಟ ಫ್ಯಾನನ್ನೂ ಬಿಚ್ಚಿಟ್ಟೆ.