ಪಾರ್ಕಿನ್ಸನ್ ಔಷಧವನ್ನು ಇಲಿಯಲ್ಲಿ ಪರೀಕ್ಷಿಸುವಾಗ ನಾನು ಅನುಸರಿಸುವ ಕ್ರಮ

ಹೊಸ ಔಷಧ ಇಲಿಯಲ್ಲಿ ಕೆಲಸ ಮಾಡಲಿಲ್ಲ ಎಂದು ಯಾರಾದರೂ ಹೇಳಿದರೆ ನಾನು ಕೇಳುವುದು ಎರಡೇ ಪ್ರಶ್ನೆ. ಇಲಿಗೆ ಪಾರ್ಕಿನ್ಸನ್‌ನಂಥ ಸ್ಥಿತಿ ತರಿಸಲು ಚುಚ್ಚಿದ ವಿಷವನ್ನು ಯಾವ ಲವಣದ ಲೆಕ್ಕದಲ್ಲಿ ತೂಗಿದಿರಿ? ಮಿದುಳಿನಲ್ಲಿ ಮುಕ್ತ ಔಷಧ, ಅಂದರೆ ಯಾವುದಕ್ಕೂ ಅಂಟದೆ ಉಳಿದದ್ದು, ಎಷ್ಟಿತ್ತು? ಕೆಲಸ ಮಾಡಿತು ಎಂದು ಹೇಳಿದರೂ ಇವೇ ಎರಡು ಪ್ರಶ್ನೆ. ಉಳಿದದ್ದೆಲ್ಲ ಆಮೇಲೆ.

ನಾನು ಬಳಸುವುದು 6-ಹೈಡ್ರಾಕ್ಸಿಡೋಪಮೈನ್ ಮಾದರಿ. 1968ರಲ್ಲಿ ಸ್ವೀಡನ್ನಿನ ಉರ್ಬನ್ ಉಂಗರ್‌ಸ್ಟೆಟ್ ತೋರಿಸಿಕೊಟ್ಟದ್ದು, ಇಂದಿಗೂ ಅದನ್ನು ಬಿಟ್ಟು ಕೆಲಸ ಸಾಗುವುದಿಲ್ಲ. ಈ ವಿಷ ಡೋಪಮೈನನ್ನೇ, ಅಂದರೆ ಪಾರ್ಕಿನ್ಸನ್‌ನಲ್ಲಿ ಕಡಿಮೆಯಾಗುವ ಮಿದುಳಿನ ರಾಸಾಯನಿಕವನ್ನೇ, ಹೋಲುವುದರಿಂದ ಡೋಪಮೈನ್ ತಯಾರಿಸುವ ನರಕೋಶ ಅದನ್ನು ತನ್ನದೆಂದೇ ಒಳಗೆ ಎಳೆದುಕೊಳ್ಳುತ್ತದೆ. ಒಳಗೆ ಹೋದ ಮೇಲೆ ಅದು ಆಕ್ಸಿಡೀಕರಣಗೊಂಡು ಕೋಶವನ್ನು ಕೊಲ್ಲುತ್ತದೆ. ರಕ್ತಕ್ಕೆ ಕೊಟ್ಟರೆ ಮಿದುಳಿಗೆ ದಾಟದು, ಆದ್ದರಿಂದ ನೇರ ಮಿದುಳಿಗೇ ಚುಚ್ಚಬೇಕು, ಅದೂ ಒಂದೇ ಬದಿಗೆ. ಎರಡೂ ಬದಿಗೆ ಚುಚ್ಚಿದರೆ ಇಲಿ ತಿನ್ನುವುದನ್ನೂ ಕುಡಿಯುವುದನ್ನೂ ಬಿಟ್ಟುಬಿಡುತ್ತದೆ. ಪ್ರಾಣಿ ನೀತಿ ಸಮಿತಿಯ ಅನುಮತಿ ಕೈಗೆ ಬರುವ ಮುನ್ನ ಇದರಲ್ಲಿ ಯಾವುದನ್ನೂ ಶುರುಮಾಡುವಂತಿಲ್ಲ.

ಈಗ ತೂಕದ ವಿಚಾರ. ಈ ವಿಷ ಹೈಡ್ರೊಬ್ರೊಮೈಡ್ ಆಗಿಯೂ ಸಿಗುತ್ತದೆ, ಹೈಡ್ರೊಕ್ಲೋರೈಡ್ ಆಗಿಯೂ ಸಿಗುತ್ತದೆ. ಮೊದಲನೆಯದರ ಅಣುತೂಕ 250, ಎರಡನೆಯದರದು 205.6, ಲವಣ ಬಿಟ್ಟು ಬರಿಯ ಮೂಲವಸ್ತುವಿನದು 169.2. ನನಗೆ ಬೇಕಾದದ್ದು ಒಂದು ಮೈಕ್ರೊಲೀಟರಿಗೆ 3 ಮೈಕ್ರೊಗ್ರಾಂ ಮೂಲವಸ್ತು. ಅಂದರೆ ಒಂದು ಮಿಲಿಲೀಟರಿಗೆ ಹೈಡ್ರೊಬ್ರೊಮೈಡ್ ಆದರೆ 4.43 ಮಿ.ಗ್ರಾಂ, ಹೈಡ್ರೊಕ್ಲೋರೈಡ್ ಆದರೆ 3.65 ಮಿ.ಗ್ರಾಂ ತೂಗಬೇಕು. ಲೇಬಲ್ ನೋಡದೆ 3 ಮಿ.ಗ್ರಾಂ ಹೈಡ್ರೊಬ್ರೊಮೈಡ್ ಹಾಕಿದರೆ ಒಳಗೆ ಇರುವುದು ಎರಡೇ ಮಿ.ಗ್ರಾಂ ಚಿಲ್ಲರೆ, ಮೂರನೇ ಒಂದು ಭಾಗ ಅಲ್ಲೇ ಹೋಯಿತು. ಇಂಥ ಇಲಿಗಳಲ್ಲಿ ಅರೆಬರೆ ಗಾಯವಾಗಿರುತ್ತದೆ. ಉಳಿದ ಕೋಶಗಳು ಸರಿದೂಗಿಸಿಕೊಂಡು, ಯಾವ ಔಷಧ ಕೊಟ್ಟರೂ ಗುಣವಾದಂತೆ ಕಾಣುತ್ತದೆ. ಪ್ರಬಂಧಗಳಲ್ಲಿ ಬರಿ ‘8 ಮೈಕ್ರೊಗ್ರಾಂ’ ಎಂದು ಬರೆದು ಲವಣ ಯಾವುದೆಂದು ಹೇಳದವರ ಮೇಲೆ ನನಗೆ ಸಿಟ್ಟಿದೆ.

ಕರಗಿಸುವುದು 0.9% ಸಲೈನ್‌ನಲ್ಲಿ, ಅದಕ್ಕೆ 0.02% ಆಸ್ಕಾರ್ಬಿಕ್ ಆಮ್ಲ ಸೇರಿಸಿ. ಆಮ್ಲ ಹಾಕದಿದ್ದರೆ ದ್ರಾವಣ ಗಾಳಿಗೆ ಬೇಗನೆ ಕೆಡುತ್ತದೆ. ಅಲ್ಯೂಮಿನಿಯಂ ಹಾಳೆ ಸುತ್ತಿದ ಟ್ಯೂಬಿನಲ್ಲಿ, ಐಸ್ ಮೇಲೆ ಇಟ್ಟಿರಬೇಕು. ಒಳ್ಳೆಯ ದ್ರಾವಣಕ್ಕೆ ಬಣ್ಣವಿರುವುದಿಲ್ಲ. ಕೆಡತೊಡಗಿದಾಗ ಮೊದಲು ನಸುಗೆಂಪು, ಆಮೇಲೆ ಚಹಾದ ಡಿಕಾಕ್ಷನ್ ಬಣ್ಣ. ಟ್ಯೂಬನ್ನು ಬಿಳಿ ಕಾಗದದ ಮುಂದೆ ಹಿಡಿದು ಪ್ರತಿ ಇಲಿಗೂ ಮುಂಚೆ ನೋಡುತ್ತೇನೆ. ನಸುಗೆಂಪು ಕಂಡರೆ ಚೆಲ್ಲಿ ಹೊಸದು ಮಾಡುತ್ತೇನೆ. ಬಣ್ಣ ತಿರುಗದಿದ್ದರೂ ಎರಡು ಮೂರು ಗಂಟೆಯಾದ ಮೇಲೆ ಅದೇ ದ್ರಾವಣ ಮುಂದುವರಿಸುವುದಿಲ್ಲ.

ಶಸ್ತ್ರಚಿಕಿತ್ಸೆಗೆ ಅರ್ಧ ಗಂಟೆ ಮುಂಚೆ ಡೆಸಿಪ್ರಮೈನ್, ಕಿಲೋಗೆ 25 ಮಿ.ಗ್ರಾಂ, ಹೊಟ್ಟೆಯೊಳಕ್ಕೆ. ಅದಿಲ್ಲದಿದ್ದರೆ ಡೋಪಮೈನ್‌ಗೆ ಹತ್ತಿರದ ನಾರ್ಅಡ್ರಿನಲಿನ್ ಬಳಸುವ ನರಗಳೂ ವಿಷವನ್ನು ಎಳೆದುಕೊಂಡು ಸಾಯುತ್ತವೆ. ಅರಿವಳಿಕೆಗೆ ಐಸೊಫ್ಲೂರೇನ್. ಗುರಿ ಮೀಡಿಯಲ್ ಫೋರ್‌ಬ್ರೈನ್ ಬಂಡಲ್, ಅಂದರೆ ಡೋಪಮೈನ್ ಕೋಶಗಳಿರುವ ಸಬ್‌ಸ್ಟಾನ್ಷಿಯಾ ನೈಗ್ರಾದಿಂದ ಚಲನೆ ನಿಯಂತ್ರಿಸುವ ಸ್ಟ್ರಯೇಟಮ್‌ಗೆ ನರತಂತುಗಳು ಹೋಗುವ ದಾರಿ. ಸುಮಾರು 225 ಗ್ರಾಂ ತೂಕದ ಸ್ಪ್ರೇಗ್-ಡಾಲಿ ಇಲಿಗೆ ಒಂದೇ ಬದಿಯ ಎರಡು ಜಾಗದಲ್ಲಿ ವಿಷ ಬಿಡುತ್ತೇನೆ. ಮೊದಲನೆಯದು ಹಲ್ಲುಪಟ್ಟಿ (ತಲೆ ಅಲುಗದಂತೆ ಮುಂಹಲ್ಲು ಸಿಕ್ಕಿಸುವ ಪಟ್ಟಿ) −2.4 ಮಿ.ಮೀ.ಗೆ ಇಟ್ಟು, ಬ್ರೆಗ್ಮಾದಿಂದ (ತಲೆಬುರುಡೆಯ ಮೇಲೆ ಮೂಳೆಗಳು ಕೂಡುವ ಬಿಂದು) ಹಿಂದಕ್ಕೆ 4.4, ಬದಿಗೆ 1.2, ಡ್ಯೂರಾದಿಂದ (ಮಿದುಳಿನ ಹೊರಪೊರೆ) ಕೆಳಕ್ಕೆ 7.8 ಮಿ.ಮೀ.; ಅಲ್ಲಿ 2.5 ಮೈಕ್ರೊಲೀಟರ್. ಎರಡನೆಯದು ಹಲ್ಲುಪಟ್ಟಿಯನ್ನು +3.4ಕ್ಕೆ ಏರಿಸಿ, ಹಿಂದಕ್ಕೆ 4.0, ಬದಿಗೆ 0.8, ಕೆಳಕ್ಕೆ 8.0, ಅಲ್ಲಿ 2 ಮೈಕ್ರೊಲೀಟರ್. ಹಲ್ಲುಪಟ್ಟಿ ಬದಲಿಸಲು ಮರೆತು ಎರಡನೇ ಅಳತೆ ಹಾಕಿದರೆ ಸೂಜಿ ಬೇರೆಲ್ಲೋ ಇಳಿದಿರುತ್ತದೆ, ಹೊರಗಿನಿಂದ ಗೊತ್ತೇ ಆಗುವುದಿಲ್ಲ.

ನಿಮಿಷಕ್ಕೆ 1 ಮೈಕ್ರೊಲೀಟರಿಗಿಂತ ವೇಗ ಬೇಡ. ಮುಗಿದ ಮೇಲೆ ಸೂಜಿ ಮೂರು ನಿಮಿಷ ಅಲ್ಲೇ ಇರಲಿ. ತಕ್ಷಣ ಎಳೆದರೆ ದ್ರವ ಸೂಜಿಯ ಜಾಡು ಹಿಡಿದು ಮೇಲಕ್ಕೆ ಬರುತ್ತದೆ. ಗಾಯವಾಗದ ಇಲಿಗಳಿಗೆ ಅತಿ ಸಾಮಾನ್ಯ ಕಾರಣ ಮಾತ್ರ ಇದ್ಯಾವುದೂ ಅಲ್ಲ, ಸೂಜಿಯ ತುದಿ ಕಟ್ಟಿಕೊಂಡದ್ದು. ಇಳಿಸುವ ಮುನ್ನ ಒಂದು ಹನಿ ಹೊರಬರುವುದನ್ನು ಕಣ್ಣಾರೆ ನೋಡಬೇಕು, ಹೊರತೆಗೆದ ಮೇಲೆ ಇನ್ನೊಮ್ಮೆ. ಎರಡನೇ ಸಲ ಹನಿ ಬರದಿದ್ದರೆ ಆ ಇಲಿಯ ಸಂಖ್ಯೆಯ ಪಕ್ಕ ಅಂದೇ ಗುರುತು ಹಾಕಿಡುತ್ತೇನೆ. ಆಮೇಲೆ ಬೆಚ್ಚಗಿನ ಹಾಸು, ಚರ್ಮದಡಿ 5 ಮಿಲಿಲೀಟರ್ ಸಲೈನ್, ನೋವಿಗೆ ಕಾರ್ಪ್ರೊಫೆನ್ ಕಿಲೋಗೆ 5 ಮಿ.ಗ್ರಾಂ, ನೆನೆಸಿದ ಆಹಾರ, ವಾರವಿಡೀ ದಿನವೂ ತೂಕ.

ಎರಡು ವಾರಕ್ಕೆ ಆಂಫೆಟಮೈನ್ ಪರೀಕ್ಷೆ, ಕಿಲೋಗೆ 2.5 ಮಿ.ಗ್ರಾಂ. ಅದು ಉಳಿದ ಬದಿಯ ಕೋಶಗಳಿಂದ ಡೋಪಮೈನ್ ಹೊರಹಾಕಿಸುವುದರಿಂದ ಇಲಿ ಗಾಯವಾದ ಬದಿಗೆ ಸುತ್ತತೊಡಗುತ್ತದೆ. ತೊಂಬತ್ತು ನಿಮಿಷದ ಸರಾಸರಿ ನಿಮಿಷಕ್ಕೆ ಐದು ಪೂರ್ಣ ಸುತ್ತು ದಾಟಿದರೆ ಡೋಪಮೈನ್ ನಷ್ಟ 90 ಪ್ರತಿಶತ ಮೀರಿದೆ ಎಂದು ಹಿಡಿಯಬಹುದು. ಅದಕ್ಕಿಂತ ಕಡಿಮೆ ಇದ್ದರೆ ಕೈಬಿಡುವುದೆಂದು ಪ್ರಯೋಗಕ್ಕೆ ಮುನ್ನವೇ ಬರೆದಿಡಬೇಕು. ಫಲಿತಾಂಶ ಬಂದಮೇಲೆ ಇಲಿ ಆರಿಸುವುದು ವಿಜ್ಞಾನವಲ್ಲ. ಜೊತೆಗೆ ಸಿಲಿಂಡರ್ ಪರೀಕ್ಷೆ: ಗಾಜಿನ ಸಿಲಿಂಡರಿನಲ್ಲಿ ಬಿಟ್ಟು, ಗೋಡೆಗೆ ಊರುವ ಮೊದಲ ಇಪ್ಪತ್ತು ಸಲದಲ್ಲಿ ಯಾವ ಮುಂಗಾಲು ಎಷ್ಟು ಸಲ ಎಂದು ಎಣಿಸುವುದು. ಸುತ್ತು ಪರೀಕ್ಷೆಗೆ ಬಳಕೆಯಲ್ಲಿರುವ ಅಪೊಮಾರ್ಫಿನ್ ಮಾತ್ರ ಈ ಹಂತದಲ್ಲಿ ಕೊಡುವುದಿಲ್ಲ. ಅದು ಡೋಪಮೈನ್ ಗ್ರಾಹಿಗಳನ್ನು, ಅಂದರೆ ಡೋಪಮೈನ್ ಬಂದು ಕೂರುವ ಕೋಶದ ಪ್ರೋಟೀನುಗಳನ್ನು, ಮೊದಲೇ ಕೆಣಕಿಟ್ಟು, ಮುಂದೆ ಲೆವೊಡೋಪಾಕ್ಕೆ (ಮಿದುಳಿನಲ್ಲಿ ಡೋಪಮೈನ್ ಆಗುವ ಪಾರ್ಕಿನ್ಸನ್ ಔಷಧ) ಬರುವ ಪ್ರತಿಕ್ರಿಯೆಯನ್ನೇ ಬದಲಿಸಿಬಿಡುತ್ತದೆ.

ಡಿಸ್ಕಿನೇಶಿಯಾ, ಅಂದರೆ ಲೆವೊಡೋಪಾ ಕೊಡುತ್ತ ಹೋದಂತೆ ಬರುವ ಹಿಡಿತವಿಲ್ಲದ ಚಲನೆ, ತಗ್ಗಿಸುವ ಔಷಧವಾದರೆ ಮುಂದೆ ಮೂರು ವಾರ ದಿನವೂ ಲೆವೊಡೋಪಾ ಕಿಲೋಗೆ 6 ಮಿ.ಗ್ರಾಂ, ಅದು ಮಿದುಳು ಸೇರುವ ಮುನ್ನ ಒಡೆಯದಂತೆ ಬೆನ್ಸೆರಝೈಡ್ 12 ಮಿ.ಗ್ರಾಂ, ಚರ್ಮದಡಿ. ಇಲ್ಲಿಯೂ ಲವಣದ ಬಲೆ ಕಾದಿರುತ್ತದೆ: ಸುಲಭವಾಗಿ ಕರಗುವ ಮೀಥೈಲ್ ಎಸ್ಟರ್ ಹೈಡ್ರೊಕ್ಲೋರೈಡ್ ಬಳಸಿದರೆ 6ರ ಬದಲು 7.5 ಮಿ.ಗ್ರಾಂ ಬೇಕು. ಅಂಕ ಹಾಕುವುದು ಇಪ್ಪತ್ತು ನಿಮಿಷಕ್ಕೊಮ್ಮೆ, ಒಂದೊಂದು ನಿಮಿಷ, ಒಟ್ಟು ಮೂರು ಗಂಟೆ. ಮೈ ತಿರುಚುವುದು, ಮುಂಗಾಲು ಕುಣಿಸುವುದು, ದವಡೆ-ನಾಲಿಗೆಯ ಚಲನೆ, ಪ್ರತಿಯೊಂದಕ್ಕೂ 0ರಿಂದ 4. ಎಡೆಬಿಡದೆ ನಡೆಯುತ್ತಿದ್ದು, ಪಂಜರ ತಟ್ಟಿದಾಗ ನಿಂತರೆ 3. ತಟ್ಟಿದರೂ ನಿಲ್ಲದಿದ್ದರೆ 4. ಯಾವ ಇಲಿಗೆ ಏನು ಕೊಟ್ಟಿದೆ ಎಂದು ಅಂಕ ಹಾಕುವವರಿಗೆ ತಿಳಿದಿರಬಾರದು. ಹೋಲಿಕೆಗೆ, ಡಿಸ್ಕಿನೇಶಿಯಾ ತಗ್ಗಿಸುತ್ತದೆಂದು ಗೊತ್ತಿರುವ ಅಮಾಂಟಡೀನ್ ಕಿಲೋಗೆ 40 ಮಿ.ಗ್ರಾಂ ಕೊಟ್ಟ ಗುಂಪು ಇರಲೇಬೇಕು. ಅದೇ ಅಂಕ ಇಳಿಸದಿದ್ದರೆ ಆ ದಿನದ ಪ್ರಯೋಗ ಲೆಕ್ಕಕ್ಕಿಲ್ಲ. ಅಂಕ ಇಳಿಯಿತೆಂದು ಹಿಗ್ಗುವ ಮುನ್ನ ಲೆವೊಡೋಪಾದ ಗುಣ ಉಳಿದಿದೆಯೇ ಎಂದು ಸಿಲಿಂಡರಿನಲ್ಲಿ ನೋಡಬೇಕು. ತೂಕಡಿಸುವ ಇಲಿಗೂ ಡಿಸ್ಕಿನೇಶಿಯಾ ಇರುವುದಿಲ್ಲ.

ಎರಡನೇ ಪ್ರಶ್ನೆಗೆ ಬರುತ್ತೇನೆ. ಔಷಧ ಕೊಟ್ಟ 0.5, 1, 2, 4 ಗಂಟೆಗೆ ಮೂರು ಮೂರು ಇಲಿಗಳ ಪ್ಲಾಸ್ಮಾ ಮತ್ತು ಮಿದುಳು ತೆಗೆದು ಅಳೆಯುತ್ತೇನೆ. ಪ್ಲಾಸ್ಮಾದಲ್ಲಿ 1000 ನ್ಯಾನೊಮೋಲಾರ್, ಮಿದುಳಿನಲ್ಲಿ 4000 ಎಂದು ಬಂತು ಅನ್ನಿ. ನಾಲ್ಕು ಪಟ್ಟು ಮಿದುಳಿಗೆ ಹೋಗಿದೆ ಎಂದು ಸಭೆಯಲ್ಲಿ ಚಪ್ಪಾಳೆ ಬೀಳುತ್ತದೆ. ಆದರೆ ಪ್ಲಾಸ್ಮಾದಲ್ಲಿ ಮುಕ್ತ ಪಾಲು 2%, ಮಿದುಳಿನಲ್ಲಿ 0.2% ಇದ್ದರೆ ಮುಕ್ತವಾಗಿರುವುದು ಪ್ಲಾಸ್ಮಾದಲ್ಲಿ 20, ಮಿದುಳಿನಲ್ಲಿ ಗ್ರಾಹಿಗೆ ಸಿಗುವುದು 8 ಮಾತ್ರ. ಅನುಪಾತ 4 ಅಲ್ಲ, 0.4. ಉಳಿದದ್ದು ಮಿದುಳಿನ ಕೊಬ್ಬಿಗೆ ಅಂಟಿ ಕೂತಿದೆ. ಗ್ರಾಹಿಯ ಕೆಐ (Ki, ಅರ್ಧದಷ್ಟು ಗ್ರಾಹಿ ತುಂಬಲು ಬೇಕಾದ ಮುಕ್ತ ಔಷಧ) 10 ನ್ಯಾನೊಮೋಲಾರ್ ಆದರೆ ತುಂಬಿರುವುದು ಶೇಕಡ 44ರಷ್ಟು, ಬೇಕಾದದ್ದು 80 ಆಗಿದ್ದರೆ ಈ ಪ್ರಮಾಣದಲ್ಲಿ ಫಲಿತಾಂಶ ಬರದಿರುವುದು ಸಹಜ, ಔಷಧದ ತಪ್ಪಲ್ಲ.

ಮುಕ್ತ ಪಾಲನ್ನು ಅಳೆಯುವುದು ಅರೆದ ಮಿದುಳಿನಲ್ಲಿ, ಮುಕ್ತ ಔಷಧವನ್ನಷ್ಟೇ ದಾಟಿಸುವ ಪೊರೆಯ ಮೂಲಕ ಡಯಾಲಿಸಿಸ್ ಮಾಡಿ. ಅರೆಯುವಾಗ ಒಂದು ಪಾಲು ಮಿದುಳಿಗೆ ಮೂರು ಪಾಲು ಬಫರ್ ಹಾಕಿದರೆ ನಾಲ್ಕು ಪಟ್ಟು ತೆಳುವಾಯಿತು, ಯಂತ್ರ 0.8% ತೋರಿಸಿದರೆ ನಿಜ 0.2%. ಈ ತಿದ್ದುಪಡಿ ಬಿಟ್ಟುಹೋದ ಕೋಷ್ಟಕಗಳನ್ನು ಬೇಕಾದಷ್ಟು ನೋಡಿದ್ದೇನೆ. ಮಿದುಳಿನ ನಾಳಗಳಲ್ಲಿ ಉಳಿದ ರಕ್ತವೂ ಲೆಕ್ಕಕ್ಕೆ ಬರುತ್ತದೆ. ಮಿದುಳು-ಪ್ಲಾಸ್ಮಾ ಒಟ್ಟು ಅನುಪಾತ 0.05ಕ್ಕಿಂತ ಕೆಳಗಿದ್ದರೆ, ಸಲೈನ್ ಹಾಯಿಸಿ ರಕ್ತ ತೊಳೆದ ಮಿದುಳಿನಲ್ಲಿ ಇನ್ನೊಮ್ಮೆ ಅಳೆಯದೆ ನಂಬುವುದಿಲ್ಲ.

ನರಕೋಶ ಉಳಿಸುತ್ತದೆ ಎನ್ನುವ ಔಷಧಗಳಿಗೆ ಇನ್ನೂ ಒಂದು ಬಲೆ ಇದೆ. ವಿಷಕ್ಕೆ ಮುಂಚೆ ಔಷಧ ಕೊಟ್ಟು, ಆ ಔಷಧ ಡೋಪಮೈನ್ ಸಾಗಣೆಯ ಪ್ರೋಟೀನನ್ನು ತಡೆಯುವಂಥದ್ದಾದರೆ ವಿಷ ಕೋಶದೊಳಗೆ ಹೋಗುವುದೇ ಇಲ್ಲ. ಕೋಶ ಬದುಕುತ್ತದೆ ನಿಜ, ಆದರೆ ರೋಗಿಯ ಮಿದುಳಿನಲ್ಲಿ ಆ ವಿಷವೇ ಇಲ್ಲ. ಆದ್ದರಿಂದ ಇಂಥ ಔಷಧವನ್ನು ವಿಷ ಚುಚ್ಚಿ ಕೆಲವು ದಿನ ಕಳೆದ ಮೇಲೆಯೇ ಶುರುಮಾಡುತ್ತೇನೆ. ವಿಷವನ್ನೂ ಬಂಡಲ್ ಬದಲು ಸ್ಟ್ರಯೇಟಮ್‌ಗೆ ಚುಚ್ಚುತ್ತೇನೆ. ಅಲ್ಲಿ ಕೋಶಗಳು ವಾರಗಟ್ಟಲೆ ನಿಧಾನವಾಗಿ ಸಾಯುವುದರಿಂದ ಔಷಧಕ್ಕೆ ಸಮಯ ಸಿಗುತ್ತದೆ. ಕೊನೆಗೆ 4% ಪ್ಯಾರಾಫಾರ್ಮಾಲ್ಡಿಹೈಡ್‌ನಲ್ಲಿಟ್ಟ ಮಿದುಳನ್ನು 40 ಮೈಕ್ರೊಮೀಟರ್ ಹೋಳುಗಳಾಗಿ ಕತ್ತರಿಸಿ, ಡೋಪಮೈನ್ ತಯಾರಿಗೆ ಬೇಕಾದ ಎನ್‌ಜೈಮ್ ಟೈರೊಸಿನ್ ಹೈಡ್ರಾಕ್ಸಿಲೇಸ್‌ಗೆ ಬಣ್ಣ ಕಟ್ಟಿ, ಆರಕ್ಕೊಂದು ಹೋಳಿನಂತೆ ಕೋಶ ಎಣಿಸುವುದು. ಜೊತೆಗೆ ಅದೇ ಹೋಳಿಗೆ, ಆ ಎನ್‌ಜೈಮ್ ಇಲ್ಲದಿದ್ದರೂ ನರಕೋಶವನ್ನು ತೋರಿಸುವ ನ್ಯೂಎನ್ ಬಣ್ಣವನ್ನೂ ಹಾಕುತ್ತೇನೆ. ಕೋಶ ಸಾಯದೆ ಬರಿಯ ಎನ್‌ಜೈಮ್ ಕಳೆದುಕೊಂಡು ನಿಂತಿದ್ದರೆ, ಆ ಎನ್‌ಜೈಮ್ ಮತ್ತೆ ಕಾಣಿಸಿಕೊಂಡದ್ದನ್ನೇ ಕೋಶ ಉಳಿಯಿತು ಎಂದು ಬರೆದುಬಿಡುವ ಅಪಾಯವಿದೆ.