ತಿರುಗೋ ಫ್ಯಾನಿನ ರೆಕ್ಕೆ ಅಳೆದಿದ್ದು: ನನ್ನ ಅನುಭವ

ದಾವಣಗೆರೆಲಿ ನಮ್ಮನೆ ಹಾಲ್ ಫ್ಯಾನು ಜೋರಾಗಿ ತಿರುಗ್ವಾಗ ಮಾತ್ರ ಓಲಾಡ್ತಿತ್ತು, ನಿಲ್ಸಿ ಟೇಪ್ ಹಿಡಿದ್ರೆ ಮೂರೂ ರೆಕ್ಕೆ ಒಂದೇ ಮಟ್ಟ. "ತಿರುಗ್ವಾಗ ಏನಾಗ್ತೈತೋ ಅದನ್ನ ನೋಡ್ಬೇಕಲ್ಲಪ್ಪಾ" ಅಂದ್ರು ಅಪ್ಪ. ಅದೇ ತಲೇಲಿ ಕೂತ್ಬಿಡ್ತು.

ತಿರುಗೋ ರೆಕ್ಕೆನ ಮುಟ್ಟದೇ ಅಳೆಯೋಕೆ ಕ್ಯಾಮೆರಾನೇ ದಾರಿ ಅನ್ನಿಸ್ತು. ಸ್ಟೀರಿಯೋ, ಅಂದ್ರೆ ಎರಡು ಕಣ್ಣಿನ ಥರ ಎರಡು ಕ್ಯಾಮೆರಾದಿಂದ ದೂರ ಅಳೆಯೋ ಲೆಕ್ಕ ಸರಳನೇ, ಪಕ್ಕಪಕ್ಕ ಎರಡು ಕ್ಯಾಮೆರಾ ಇಟ್ಟು, ಒಂದೇ ಚುಕ್ಕೆ ಎರಡು ಚಿತ್ರದಲ್ಲಿ ಎಷ್ಟು ಪಿಕ್ಸೆಲ್ ಸರಿದಿದೆ ಅಂತ ನೋಡಿದ್ರೆ ದೂರ ಸಿಗುತ್ತೆ. ನಂದು ಕ್ಯಾಮೆರಾಗಳ ನಡುವೆ 20 ಸೆಂ.ಮೀ. ಅಂತರ, ಫ್ಯಾನಿಂದ 1.5 ಮೀಟರ್ ಕೆಳಗೆ, ಫೋಕಲ್ ಲೆಂತ್ (ಲೆನ್ಸ್ ಎಷ್ಟು ದೊಡ್ಡದಾಗಿ ತೋರ್ಸುತ್ತೆ ಅನ್ನೋ ಅಳತೆ) 1000 ಪಿಕ್ಸೆಲ್. ಇದ್ರಲ್ಲಿ 1 ಪಿಕ್ಸೆಲ್ ತಪ್ಪಿದ್ರೂ 11 ಮಿ.ಮೀ. ಹೆಚ್ಚುಕಮ್ಮಿ ಬರುತ್ತೆ, ಮಿಲಿಮೀಟರ್ ಲೆಕ್ಕ ಬೇಕಂದ್ರೆ ಪಿಕ್ಸೆಲ್ಲಿನ ಹತ್ತನೇ ಒಂದು ಪಾಲಿನವರೆಗೂ ಅಳೀಬೇಕು.

ಮೊದ್ಲು ಮಾಮೂಲಿ ವೆಬ್‌ಕ್ಯಾಮ್ ಹಾಕ್ದೆ, ಅವು ಚಿತ್ರನ ಸಾಲುಸಾಲಾಗಿ ತಗೊಳ್ಳೋದ್ರಿಂದ ರೆಕ್ಕೆ ಕುಡುಗೋಲಿನ ಥರ ಬಗ್ಗಿ ಕಾಣ್ತು. ಇಡೀ ಚಿತ್ರನ ಒಂದೇ ಸಲಕ್ಕೆ ತಗೊಳ್ಳೋ, ಅಂದ್ರೆ ಗ್ಲೋಬಲ್ ಶಟರ್ ಇರೋ ಸೆಕೆಂಡ್ ಹ್ಯಾಂಡ್ ಕ್ಯಾಮೆರಾ ಜೋಡಿ ತಂದೆ. ಆಗ ಆಕಾರ ಸರಿ ಬಂತು, ಆದ್ರೆ ರೆಕ್ಕೆ ತುದಿ ಒಂದು ಫ್ರೇಮಲ್ಲಿ ಗೇಣುದ್ದ ಕೆಳಗೆ, ಇನ್ನೊಂದ್ರಲ್ಲಿ ಮೇಲೆ! ಮೂರು ದಿನ ಕ್ಯಾಲಿಬ್ರೇಷನ್ನೇ (ಗೊತ್ತಿರೋ ಅಳತೆಯ ಚೌಕ ತೋರ್ಸಿ ಕ್ಯಾಮೆರಾ ಲೆಕ್ಕ ಸರಿಹೊಂದ್ಸೋದು) ಕೆಟ್ಟಿದೆ ಅಂತ ಚೆಸ್‌ಬೋರ್ಡ್ ಹಾಳೆನ ಗಾಜಿಗೆ ಅಂಟಿಸಿ ಮತ್ತೆ ಮತ್ತೆ ಮಾಡಿದೆ, ತಪ್ಪು ಅಲ್ಲಿರ್ಲೇ ಇಲ್ಲ, ಎರಡು ಕ್ಯಾಮೆರಾ ಒಂದೇ ಕ್ಷಣಕ್ಕೆ ಕ್ಲಿಕ್ ಆಗ್ತಿರ್ಲಿಲ್ಲ ಅಷ್ಟೇ. 1200 ಮಿ.ಮೀ. ಫ್ಯಾನು ನಿಮಿಷಕ್ಕೆ 300 ಸುತ್ತು ತಿರುಗಿದ್ರೆ ತುದಿ ಸೆಕೆಂಡಿಗೆ ಹತ್ತಿರ ಹತ್ತಿರ 19 ಮೀಟರ್ ಓಡುತ್ತೆ, ಅಂದ್ರೆ 1 ಮಿಲಿಸೆಕೆಂಡ್ ವ್ಯತ್ಯಾಸಕ್ಕೆ 19 ಮಿ.ಮೀ., ಆ ಓಟ ಒಂದು ಕ್ಯಾಮೆರಾದಿಂದ ಇನ್ನೊಂದ್ರ ದಿಕ್ಕಿಗೇ ಇದ್ರೆ ಲೆಕ್ಕದಲ್ಲಿ ಅದು 14 ಸೆಂ.ಮೀ. ಎತ್ತರ ಆಗಿ ಕೂರುತ್ತೆ. ಅಡ್ಡ ಓಡಿದ್ರೆ ಇನ್ನೂ ಕಷ್ಟ, ಜೋಡಿ ಚುಕ್ಕೆ ಚಿತ್ರದ ಬೇರೆ ಪಿಕ್ಸೆಲ್ ಸಾಲಿಗೇ ಹೋಗಿಬಿಡುತ್ತೆ, ಮ್ಯಾಚೇ ಸಿಗಲ್ಲ. ಎರಡು ಕ್ಯಾಮೆರಾಗೂ ಒಟ್ಟಿಗೇ ಕ್ಲಿಕ್ ಮಾಡ್ಸೋ ಒಂದೇ ಟ್ರಿಗರ್ ವೈರ್ ಎಳೆದೆ ನೋಡಿ, ಆ ಕುಣಿತ ಅಲ್ಲಿಗೇ ನಿಂತೋಯ್ತು.

ಆಮೇಲೆ ಬೆಳಕು. ಎಕ್ಸ್‌ಪೋಷರ್, ಅಂದ್ರೆ ಕ್ಯಾಮೆರಾ ಬೆಳಕು ತಗೊಳ್ಳೋ ಹೊತ್ತು, 50 ಮೈಕ್ರೋಸೆಕೆಂಡ್ ಇಟ್ರೆ ರೆಕ್ಕೆ ತುದಿ 1 ಮಿ.ಮೀ. ಒಳಗೆ ಮಸುಕಾಗುತ್ತೆ, ಆದ್ರೆ ಚಿತ್ರ ಕತ್ತಲು. ಮನೆ ಕರೆಂಟಿನ ಬಲ್ಬ್ ಸೆಕೆಂಡಿಗೆ 100 ಸಲ ಮಿಣುಕೋದ್ರಿಂದ ಒಂದು ಫ್ರೇಮ್ ಬೆಳಕು ಒಂದು ಕಪ್ಪು, ಕೊನೆಗೆ ಬೈಕಿಗೆ ಹಾಕೋ ಎಲ್‌ಇಡಿ ಲೈಟು ನಾಲ್ಕು ತಂದು 12 ವೋಲ್ಟ್ ಬ್ಯಾಟರಿಗೆ ಕೊಟ್ಟೆ. ರೆಕ್ಕೆಗೆ ಹೊಳಪಿಲ್ಲದ ಬಿಳಿ ಪೇಂಟ್ ಬಳಿದು ಹಳೇ ಟೂತ್‌ಬ್ರಷ್ಷಿಂದ ಕಪ್ಪು ಚುಕ್ಕೆ ಸಿಡಿಸಿದ್ದೆ, ನುಣ್ಣಗಿರೋ ಬಣ್ಣದಲ್ಲಿ ಯಾವ ಚುಕ್ಕೆಗೆ ಯಾವ್ದು ಜೋಡಿ ಅಂತ ಕಂಪ್ಯೂಟರಿಗೆ ಗೊತ್ತಾಗೋದು ಹೇಗೆ?

ಕೊನೆಗೆ ಸಿಕ್ತು. ಜೋರಾಗಿ ತಿರುಗ್ವಾಗ ಒಂದು ರೆಕ್ಕೆ ಉಳಿದೆರಡಕ್ಕಿಂತ 6 ಮಿ.ಮೀ. ಕೆಳಗೆ. ಬಿಚ್ಚಿ ನೋಡಿದ್ರೆ ಅದರ ಬುಡದ ಸ್ಕ್ರೂ ಸಡಿಲ. ಅಪ್ಪನೇ ಬಿಗಿ ಮಾಡಿದ್ರು, ಮತ್ತೆ ಅಳೆದಾಗ 1 ಮಿ.ಮೀ. ಆಸುಪಾಸು ಬಂತು, ಅದಕ್ಕಿಂತ ಸಣ್ಣದು ನನ್ನ ಈ ಸೆಟಪ್‌ಗೆ ಕಾಣಲ್ಲ.