ಆರ್‌ಎಸ್‌ವಿ ಲಸಿಕೆಗೆ ನಮ್ಮ ಹಿರಿಯರು ಒಪ್ಪಿದ್ದು ಹೇಗೆ: ನನ್ನ ಅನುಭವ

ಆರ್‌ಎಸ್‌ವಿ ಎಂದರೆ ನೆಗಡಿಯಂತೆ ಶುರುವಾಗಿ ಹಿರಿಯರ ಶ್ವಾಸಕೋಶಕ್ಕೆ ಇಳಿಯಬಲ್ಲ ವೈರಾಣು. ಅದರ ಲಸಿಕೆ ಕೊಡತೊಡಗಿದ ಮೊದಲ ಸೋಂಕಿನ ಋತುವಿನ ಕೊನೆಯಲ್ಲಿ ಲೆಕ್ಕ ಹಾಕಿದಾಗ ನಮ್ಮ ಕ್ಲಿನಿಕ್‌ನ ಪಟ್ಟಿಯ ಹಿರಿಯರಲ್ಲಿ ನೂರಕ್ಕೆ ಹತ್ತು ಜನರೂ ಆರ್‌ಎಸ್‌ವಿ ಲಸಿಕೆ ಹಾಕಿಸಿಕೊಂಡಿರಲಿಲ್ಲ. ಮರುವರ್ಷ ಆ ಸಂಖ್ಯೆ ಅರವತ್ತರ ಹತ್ತಿರ ಬಂತು. ಲಸಿಕೆ ಅದೇ, ಬೆಲೆ ಅದೇ, ಕೇಳಿದ ಹೊತ್ತು ಮಾತ್ರ ಬೇರೆ. ‘ಇಷ್ಟು ದುಬಾರಿ ಲಸಿಕೆಯನ್ನು ವಯಸ್ಸಾದವರು ಹಾಕಿಸಿಕೊಳ್ಳುವುದಿಲ್ಲ, ದಾಸ್ತಾನು ಫ್ರಿಜ್‌ನಲ್ಲೇ ಉಳಿಯುತ್ತದೆ’ ಎಂದಿದ್ದ ಸಹೋದ್ಯೋಗಿಗಳೇ ಈಗ ನಮ್ಮ ಪಟ್ಟಿಯ ನಮೂನೆ ಕೇಳುತ್ತಿದ್ದಾರೆ.

ಮೊದಲು ಎಲ್ಲರೂ ಮಾಡುವುದನ್ನೇ ಮಾಡಿದ್ದೆವು: ಗೋಡೆಗೆ ಭಿತ್ತಿಪತ್ರ, ಎಲ್ಲರ ಮೊಬೈಲ್‌ಗೂ ಒಂದೇ ಸಂದೇಶ, ರಜಾದಿನದಲ್ಲಿ ಲಸಿಕಾ ಶಿಬಿರ. ಸಂದೇಶ ನೋಡಿ ಬಂದವರಲ್ಲಿ ಹೆಚ್ಚಿನವರು ಗಟ್ಟಿಮುಟ್ಟಾಗಿ ಓಡಾಡುವವರು. ನಮಗೆ ಬೇಕಾಗಿದ್ದವರು ಸಿಒಪಿಡಿ (ಉಸಿರಾಟ ಕಷ್ಟವಾಗುವ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ) ಇರುವವರು, ಹೃದಯ ವೈಫಲ್ಯಕ್ಕೆ ಮಾತ್ರೆ ನುಂಗುತ್ತಿರುವವರು, ಮೂತ್ರಪಿಂಡ ಸೋತವರು. ಲಸಿಕೆಗೆಂದೇ ಒಂದು ದಿನ ಬನ್ನಿ ಎಂದರೆ ಅವರು ಬರುವುದಾದರೂ ಹೇಗೆ? ಕರೆತರಲು ಮಗನೋ ಮಗಳೋ ಕೆಲಸಕ್ಕೆ ರಜೆ ಹಾಕಬೇಕು. ಹೇಗೋ ಬಂದವರೂ ‘ನೆಗಡಿಗೂ ಲಸಿಕೆಯೇ?’ ಎಂದು ಕೇಳಿ ಎದ್ದು ನಡೆದರು.

ಹಣ ಹೆಚ್ಚು ಹೋದದ್ದು ಆ ಶಿಬಿರದಲ್ಲೇ. ನಮ್ಮಲ್ಲಿದ್ದದ್ದು ಪುಡಿಯನ್ನು ದ್ರವದೊಂದಿಗೆ ಬೆರೆಸಿ ಕೊಡುವ ಲಸಿಕೆ. ಬೆರೆಸಿದ ಮೇಲೆ ನಾಲ್ಕು ಗಂಟೆಯೊಳಗೆ ಕೊಡದಿದ್ದರೆ ಎಸೆಯಬೇಕು. ಸಾಲು ಬೇಗ ಕರಗಲೆಂದು ಕೆಲವು ಡೋಸ್‌ಗಳನ್ನು ಮೊದಲೇ ಬೆರೆಸಿಡಲಾಗಿತ್ತು. ಅಷ್ಟರಲ್ಲಿ ಕೆಲವರು ಮನಸ್ಸು ಬದಲಿಸಿದರು. ಒಂದು ಡೋಸ್ ಫ್ಲೂ ಲಸಿಕೆಗಿಂತ ಹಲವು ಪಟ್ಟು ದುಬಾರಿ ಎಂಬುದು ನಿಮಗೆಲ್ಲ ಗೊತ್ತು. ಆ ಮಧ್ಯಾಹ್ನದ ನಷ್ಟವೇ ಋತುವಿನ ಗಳಿಕೆಯನ್ನೆಲ್ಲ ನುಂಗಿತು. ಮೇಲಿಂದ, ತರಿಸಿದ್ದರಲ್ಲಿ ಸುಮಾರು ಕಾಲು ಭಾಗ ಅವಧಿ ಮೀರಿತು. ಸರಬರಾಜುದಾರರು ವಾಪಸು ತೆಗೆದುಕೊಳ್ಳಲಿಲ್ಲ.

ಹಿರಿಯ ವೈದ್ಯರೊಬ್ಬರ ಆಕ್ಷೇಪ ಬೇರೆ ಬಗೆಯದು. 1960ರ ದಶಕದಲ್ಲಿ ಫಾರ್ಮಲಿನ್‌ನಿಂದ ನಿಷ್ಕ್ರಿಯಗೊಳಿಸಿದ ಆರ್‌ಎಸ್‌ವಿ ಲಸಿಕೆ ಪಡೆದ ಶಿಶುಗಳಿಗೆ ಮುಂದೆ ಸೋಂಕು ತಗಲಿದಾಗ ಕಾಯಿಲೆ ಇನ್ನಷ್ಟು ಉಲ್ಬಣಿಸಿತ್ತು. ಇಬ್ಬರು ಮಕ್ಕಳು ತೀರಿಕೊಂಡಿದ್ದರು. ಆ ಇತಿಹಾಸವನ್ನು ಓದಿದವರ ಹಿಂಜರಿಕೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಈಗಿನ ಲಸಿಕೆಗಳ ದಾರಿಯೇ ಬೇರೆ: ವೈರಾಣು ಜೀವಕೋಶಕ್ಕೆ ಬೆಸೆದುಕೊಳ್ಳುವ ಮುನ್ನ ಅದರ ಮೈಮೇಲಿನ ಎಫ್ ಪ್ರೋಟೀನ್ ಯಾವ ಆಕಾರದಲ್ಲಿರುತ್ತದೆ ಎಂಬುದು 2013ರಲ್ಲಿ ಸ್ಪಷ್ಟವಾಯಿತು, ಇವು ಆ ಆಕಾರವನ್ನೇ ನೆಚ್ಚಿಕೊಂಡಿವೆ. ಅಮೆರಿಕದಲ್ಲಿ 2023ರ ಮೇ ತಿಂಗಳಲ್ಲಿ ಅರೆಕ್ಸ್‌ವಿ, ಅಬ್ರಿಸ್ವೊ ಎಂಬ ಎರಡು ಲಸಿಕೆಗಳಿಗೂ ಹಿರಿಯರಲ್ಲಿ ಬಳಸಲು ಅನುಮತಿ ಸಿಕ್ಕಿತು. ಅರೆಕ್ಸ್‌ವಿಯ ದೊಡ್ಡ ಪ್ರಯೋಗದಲ್ಲಿ ಶ್ವಾಸಾಂಗದ ಕೆಳಭಾಗದ ಕಾಯಿಲೆಯಿಂದ ಸುಮಾರು ಶೇ 83ರಷ್ಟು ರಕ್ಷಣೆ ಕಂಡಿತ್ತು. ಆ ವೈದ್ಯರ ಮುಂದೆ ಈ ಅಂಕಿಗಳನ್ನಿಟ್ಟು ಸುಮ್ಮನಾದೆ. ಮುಂದಿನ ಋತುವಿಗೆ ಅವರೇ ಬಂದು ಹಾಕಿಸಿಕೊಂಡರು.

ಕೊನೆಗೆ ಕೈ ಹಿಡಿದದ್ದು ಲಸಿಕೆಯನ್ನು ಔಷಧ ಚೀಟಿ ನವೀಕರಿಸುವ ಭೇಟಿಗೇ ಕಟ್ಟಿದ್ದು. ದೀರ್ಘಕಾಲದ ಕಾಯಿಲೆಯವರು ಹೇಗೂ ಎರಡು ಮೂರು ತಿಂಗಳಿಗೊಮ್ಮೆ ಬರುತ್ತಾರೆ. ಪಟ್ಟಿಯನ್ನು ಎರಡಾಗಿ ಒಡೆದೆ: 75 ದಾಟಿದವರೆಲ್ಲರೂ ಒಂದು ಕಡೆ, 50ರಿಂದ 74ರ ನಡುವಿನ, ಹೃದಯ, ಶ್ವಾಸಕೋಶ, ಮೂತ್ರಪಿಂಡದ ತೊಂದರೆ ಅಥವಾ ಹದಗೆಟ್ಟ ಮಧುಮೇಹ ಇರುವವರು ಇನ್ನೊಂದು ಕಡೆ. ಸೋಂಕಿನ ಋತುವಿಗೆ ಒಂದೆರಡು ತಿಂಗಳು ಮೊದಲು ಬರುವ ಭೇಟಿಗಳನ್ನು ಗುರುತು ಹಾಕಿಕೊಂಡೆವು. ಬಿಪಿ ನೋಡುವ ನರ್ಸ್ ಮೊದಲು ಮಾತು ತೆಗೆಯುತ್ತಾರೆ, ನಾನು ಒಂದೇ ವಾಕ್ಯದಲ್ಲಿ ‘ನಿಮಗೆ ಇದು ಬೇಕು, ಇವತ್ತೇ ಹಾಕೋಣ’ ಎನ್ನುತ್ತೇನೆ. ವೈರಾಣುವಿನ ಪಾಠ ಮಾಡುವುದಿಲ್ಲ. ಹಿಂದೆ ಉಬ್ಬಸದಿಂದ ಆಸ್ಪತ್ರೆ ಸೇರಿದ್ದವರ ಮನೆಗೆ ನರ್ಸ್ ಫೋನ್ ಮಾಡಿ ಕೇಳುವ ಮೊದಲ ಪ್ರಶ್ನೆಯೊಂದಿದೆ. ಅರ್ಧ ಯಶಸ್ಸು ಅದರಲ್ಲಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ, ನಮ್ಮಲ್ಲಿಗೆ ಬಂದು ಒಂದು ದಿನ ಕುಳಿತವರಿಗೆ ಹೇಳಿಕೊಡುತ್ತೇನೆ.

ದಾಸ್ತಾನು ಸಣ್ಣ ಕಂತುಗಳಲ್ಲಿ ತರಿಸುತ್ತೇವೆ. ಪಟ್ಟಿಯವರ ಭೇಟಿಗಳನ್ನು ವಾರದ ಒಂದು ಬೆಳಿಗ್ಗೆಗೆ ಕೂಡಿಸುತ್ತೇವೆ. ತೋಳಿನ ಬಟ್ಟೆ ಮೇಲೆ ಸರಿಸಿದ ಮೇಲೆಯೇ ಬೆರೆಸುವುದು, ಅದಕ್ಕೆ ಮುಂಚೆ ಇಲ್ಲ. ಒಂದು ನಿಮಿಷ ಹೆಚ್ಚು ಹಿಡಿಯುತ್ತದೆ, ಆದರೆ ಎರಡನೆಯ ಋತುವಿನಲ್ಲಿ ಎಸೆದ ಡೋಸ್ ಬೆರಳೆಣಿಕೆಯಷ್ಟೂ ಇಲ್ಲ. ಗಳಿಕೆ ದೊಡ್ಡದಲ್ಲ, ಆದರೆ ಕೈಯಿಂದ ಹಾಕಿದ್ದು ಏನೂ ಇಲ್ಲ.

ನಡುವೆ ಇನ್ನೊಂದು ಪ್ರಯೋಗವನ್ನೂ ಮಾಡಿ ನೋಡಿದೆ. ಅದೇ ದಿನ ಒಂದು ತೋಳಿಗೆ ಫ್ಲೂ, ಇನ್ನೊಂದಕ್ಕೆ ಆರ್‌ಎಸ್‌ವಿ. ಹಾಗೆ ಕೊಡಲು ಅಡ್ಡಿಯಿಲ್ಲ, ಭೇಟಿಯೂ ಒಂದೇ ಆಗುತ್ತದೆ. ಆದರೆ ಮರುದಿನ ಮೈಕೈ ನೋವು, ಆಯಾಸ ಎಂದು ಬಂದ ಫೋನ್‌ಗಳು ನನ್ನ ಅಂದಾಜಿನಲ್ಲಿ ಹೆಚ್ಚೂಕಡಿಮೆ ದುಪ್ಪಟ್ಟು. ಒಬ್ಬಂಟಿಯಾಗಿರುವವರಿಗೆ, ಎದ್ದು ಓಡಾಡುವುದೇ ಕಷ್ಟವಾದವರಿಗೆ ಈಗ ಎರಡನ್ನೂ ಬೇರೆ ಬೇರೆ ದಿನ ಕೊಡುತ್ತೇನೆ. ಉಳಿದವರಿಗೆ ಒಂದೇ ದಿನ, ಎರಡೂ ತೋಳು ನೋಯಬಹುದೆಂದು ಮೊದಲೇ ತಿಳಿಸಿ. ಮೊದಲೇ ತಿಳಿಸಿದರೆ ಫೋನ್‌ಗಳು ಗಣನೀಯವಾಗಿ ಇಳಿಯುತ್ತವೆ. ಸಂಜೆ ಹೊತ್ತು ಲಸಿಕೆ ಕೊಡುವುದನ್ನೂ ಕೆಲವು ವಾರ ಮಾಡಿದೆವು. ಹಿರಿಯರು ಕತ್ತಲಾದ ಮೇಲೆ ಹೊರಡಲು ಒಪ್ಪಲಿಲ್ಲ, ಕೈಬಿಟ್ಟೆವು.

ಗಿಲಾನ್-ಬಾರೇ ಲಕ್ಷಣಾವಳಿಯ (ದೇಹದ ರೋಗನಿರೋಧಕ ಶಕ್ತಿಯೇ ನರಗಳ ಮೇಲೆ ದಾಳಿ ಮಾಡುವ ಅಪರೂಪದ ಕಾಯಿಲೆ) ವಿಷಯ ಮುಚ್ಚಿಡಬೇಡಿ. 2025ರ ಆರಂಭದಲ್ಲಿ ಅಮೆರಿಕದ ಔಷಧ ನಿಯಂತ್ರಕರು ಎರಡೂ ಲಸಿಕೆಗಳ ಮಾಹಿತಿ ಪತ್ರದಲ್ಲಿ ಆ ಎಚ್ಚರಿಕೆ ಸೇರಿಸಿದರು. ಅವರ ಅಂದಾಜು ಹತ್ತು ಲಕ್ಷ ಡೋಸ್‌ಗೆ ಹತ್ತಕ್ಕಿಂತ ಕಡಿಮೆ ಹೆಚ್ಚುವರಿ ಪ್ರಕರಣಗಳು. ನಾನು ಇದನ್ನು ನೇರವಾಗಿ ಹೇಳುತ್ತೇನೆ. ಕಾಲು ಜೋಮು ಹಿಡಿದರೆ, ಬಲ ಕುಂದಿದರೆ ಕೂಡಲೇ ಬನ್ನಿ ಎಂದು ಮನೆಯವರಿಗೂ ತಿಳಿಸುತ್ತೇನೆ. ಇದನ್ನು ಕೇಳಿ ಹಿಂದೆ ಸರಿದವರು ಬಹಳ ಕಡಿಮೆ. ಮುಚ್ಚಿಟ್ಟು, ಮುಂದೆ ಬೇರೆಯವರ ಬಾಯಿಂದ ಕೇಳಿದ್ದರೆ ಇಡೀ ಮನೆಯೇ ಫ್ಲೂ ಲಸಿಕೆಯನ್ನೂ ಬಿಡುತ್ತಿತ್ತು.

ಇನ್ನೊಂದು ತೊಡಕು ಎರಡನೆಯ ಋತುವಿನಲ್ಲಿ ಎದುರಾಯಿತು. ಹಿಂದಿನ ವರ್ಷ ಹಾಕಿಸಿಕೊಂಡವರು ಫ್ಲೂ ಲಸಿಕೆಯಂತೆಯೇ ಮತ್ತೆ ಕೇಳಿಕೊಂಡು ಬಂದರು. ಸದ್ಯಕ್ಕೆ ಇದು ಒಂದೇ ಡೋಸ್, ಪ್ರತಿವರ್ಷದ್ದಲ್ಲ. ಕಂಪ್ಯೂಟರ್ ದಾಖಲೆಯನ್ನು ನಂಬಿ ಕೂರದೆ, ಲಸಿಕೆಯ ಹೆಸರು, ಬ್ಯಾಚ್ ಸಂಖ್ಯೆ, ದಿನಾಂಕವನ್ನು ಅವರು ಜೊತೆಗೆ ತರುವ ಔಷಧ ಪುಸ್ತಕದ ಮೊದಲ ಪುಟದಲ್ಲೇ ಕೆಂಪು ಶಾಯಿಯಲ್ಲಿ ಬರೆದುಕೊಡುತ್ತೇವೆ. ಬೇರೆ ಕ್ಲಿನಿಕ್‌ನಲ್ಲಿ ಯಾರಾದರೂ ಎರಡನೆಯದನ್ನು ಕೊಡಲು ಹೊರಟರೆ ಆ ಪುಟ ಅವರ ಕಣ್ಣಿಗೆ ಬೀಳಬೇಕು.